‘ನನ್ನ ಅಕ್ಷರ ಎಲ್ಲರಿಗೂ ಗೊತ್ತು, ಮೇಡಂ’

“ಹೆಸರು ಬರೆಯೋದು ಬೇಡ ಅಂತೀರಿ ಮೇಡಂ. ಆದರೆ ನನ್ನ ಅಕ್ಷರ ಇಡೀ ಯೂನಿವರ್ಸಿಟಿಗೇ ಗೊತ್ತಲ್ವಾ?”

ಟಪಾಲು ವಿಭಾಗದ ಹಿರಿಯ ನೌಕರರೊಬ್ಬರು ಹೀಗೆ ಕೇಳಿದಾಗ ಸಿಬ್ಬಂದಿ ಸಮೀಕ್ಷೆಯ ನಮ್ಮ ಪ್ರಶ್ನಾವಳಿ ಆಗಲೇ ಪ್ರಿಂಟ್ ಆಗಿ ಬಂದಿತ್ತು. 20 ವರ್ಷಗಳಿಂದ ಆವಕ ರಿಜಿಸ್ಟರ್ ಬರೆಯುತ್ತಿರುವವರು ಅವರು. ಪ್ರತಿ ವಿಭಾಗಕ್ಕೆ ಹೋಗುವ ಲಕೋಟೆಯ ಮೇಲೂ ಅವರದೇ ಬರಹ. ನಮ್ಮ ಹಾಳೆಯ ಕೊನೆಯಲ್ಲಿ ‘ನಿಮ್ಮ ಮಾತಿನಲ್ಲಿ ಬರೆಯಿರಿ’ ಎಂದು ಅರ್ಧ ಪುಟ ಖಾಲಿ ಬಿಟ್ಟಿದ್ದೆವು. ಅವರು ಅಲ್ಲಿ ಒಂದು ಸಾಲು ಬರೆದರೂ ಯಾರು ಬರೆದದ್ದು ಅಂತ ಯಾರು ಬೇಕಾದರೂ ಹೇಳಬಹುದಿತ್ತು.

ಕರ್ನಾಟಕದ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ಪಾಠ ಮಾಡುವವಳು ನಾನು. ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ನ್ಯಾಕ್ ಕೇಳುತ್ತದೆ ಎಂದು ಪ್ರತಿ ವರ್ಷ ವಿದ್ಯಾರ್ಥಿಗಳಿಂದ, ಹಳೆಯ ವಿದ್ಯಾರ್ಥಿಗಳಿಂದ, ಅಧ್ಯಾಪಕರಿಂದ ಪಠ್ಯಕ್ರಮದ ಬಗ್ಗೆ ಅಭಿಪ್ರಾಯ ತೆಗೆದುಕೊಳ್ಳುತ್ತೇವೆ. ಆದರೆ ಇಲ್ಲಿ ಕೆಲಸ ಮಾಡುವುದು ಹೇಗಿದೆ, ಮರ್ಯಾದೆ ಸಿಗುತ್ತಾ, ತಪ್ಪು ಕಂಡರೆ ಬಾಯಿಬಿಟ್ಟು ಹೇಳಬಹುದಾ ಅಂತ ಸಿಬ್ಬಂದಿಯನ್ನು ಯಾರೂ ಕೇಳಿರಲಿಲ್ಲ. ಐದು ಜನರ ಸಣ್ಣ ಸಮಿತಿ ಆಯಿತು. ಆ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ಪ್ರಯತ್ನ ಆನ್‌ಲೈನ್. ಗೂಗಲ್ ಫಾರ್ಮ್‌ನಲ್ಲಿ ಇಮೇಲ್ ಸಂಗ್ರಹಿಸುವ ಆಯ್ಕೆಯನ್ನು ಆಫ್ ಮಾಡಿದ್ದೆ. ಆದರೆ ಒಬ್ಬರು ಎರಡು ಸಲ ತುಂಬದಿರಲಿ ಎಂದು ‘ಒಬ್ಬರಿಗೆ ಒಂದೇ ಉತ್ತರ’ ಎನ್ನುವುದನ್ನು ಆನ್ ಮಾಡಿದ್ದೆ. ಹಾಗೆ ಮಾಡಿದರೆ ಲಾಗಿನ್ ಆಗಲೇಬೇಕು. ಫಾರ್ಮ್ ತೆರೆದ ತಕ್ಷಣ ಮೇಲೆ ಅವರವರ ಇಮೇಲ್ ಕಾಣಿಸುತ್ತದೆ. ಅದು ನಮಗೆ ಬರುವುದಿಲ್ಲ, ನಿಜ. ಆದರೆ ನೋಡಿದವರು ಅದನ್ನು ನಂಬಬೇಕಲ್ಲ? ಮಧ್ಯಾಹ್ನದ ಹೊತ್ತಿಗೆ ಫೋನ್ ಶುರುವಾಯಿತು. ಸಂಜೆಯೇ ಆ ಫಾರ್ಮ್ ವಾಪಸ್ ತೆಗೆದೆ. ಮತ್ತೆ ಹಾಕುವಾಗ ಆ ಕಟ್ಟುಪಾಡು ಬಿಟ್ಟುಬಿಟ್ಟೆ. ಯಾರೋ ಒಬ್ಬಿಬ್ಬರು ಎರಡು ಸಲ ತುಂಬಿದರೆ ಆಗುವ ನಷ್ಟ ಸಣ್ಣದು. ಎಲ್ಲರೂ ಹೆದರಿ ‘ಎಲ್ಲ ಚೆನ್ನಾಗಿದೆ’ ಎಂದು ಬರೆದರೆ ಸಮೀಕ್ಷೆ ಮಾಡಿಯೂ ಪ್ರಯೋಜನವಿಲ್ಲ.

ಗುಟ್ಟು ಬಿಟ್ಟುಕೊಡುವುದು ಹೆಸರೊಂದೇ ಅಲ್ಲ. ಮೊದಲ ಕರಡಿನಲ್ಲಿ ವಿಭಾಗ, ಹುದ್ದೆ, ಲಿಂಗ, ಎಷ್ಟು ವರ್ಷದ ಸೇವೆ, ಎಲ್ಲ ಕೇಳಿದ್ದೆವು. ಆರು ಜನ ಅಧ್ಯಾಪಕರಿರುವ ವಿಭಾಗದಲ್ಲಿ ಸಹ ಪ್ರಾಧ್ಯಾಪಕಿ ಒಬ್ಬರೇ ಇದ್ದರೆ, ಈ ನಾಲ್ಕು ಟಿಕ್ ಸೇರಿ ಅವರ ಹೆಸರನ್ನೇ ಬರೆದಂತೆ. ಆದ್ದರಿಂದ ವಿಭಾಗ ಕೇಳುವುದನ್ನೇ ಕೈಬಿಟ್ಟೆವು. ಬೋಧಕರು, ಬೋಧಕೇತರರು, ಅತಿಥಿ ಉಪನ್ಯಾಸಕರು, ಹೊರಗುತ್ತಿಗೆಯವರು ಎಂದು ನಾಲ್ಕೇ ಗುಂಪು. ಸೇವೆಗೆ ‘10 ವರ್ಷಕ್ಕಿಂತ ಕಡಿಮೆ’, ‘ಜಾಸ್ತಿ’ ಎಂದು ಎರಡೇ. ವರದಿಯಲ್ಲಿ ಹತ್ತಕ್ಕಿಂತ ಕಡಿಮೆ ಜನರಿರುವ ಯಾವ ಗುಂಪಿನ ಅಂಕಿಯನ್ನೂ ಬೇರೆಯಾಗಿ ತೋರಿಸುವುದಿಲ್ಲ ಎಂದು ಹಾಳೆಯ ಮೇಲೆಯೇ ಅಚ್ಚು ಹಾಕಿಸಿದೆವು.

ಟಪಾಲಿನ ಆ ಅಣ್ಣನ ಮಾತಿಗೆ ಮಾತ್ರ ಹಾಳೆಯನ್ನೇ ಬದಲಿಸಬೇಕಾಯಿತು. ಬರೆಯುವ ಭಾಗವನ್ನು ತೆಗೆದು ಬರೀ ಟಿಕ್ ಹಾಕುವಂತೆ ಮಾಡಿದೆವು. ಮಾತು ಹೇಳಬೇಕೆನ್ನುವವರಿಗೆ ಬೇರೆ ಊರಿನ ಕಾಲೇಜೊಂದರ ಎಂಎಸ್‌ಡಬ್ಲ್ಯು (ಸಮಾಜಕಾರ್ಯ ಸ್ನಾತಕೋತ್ತರ) ವಿದ್ಯಾರ್ಥಿಗಳನ್ನು ಕರೆಸಿದೆವು. ಅವರಿಗೆ ಇಲ್ಲಿ ಯಾರ ಪರಿಚಯವೂ ಇರಲಿಲ್ಲ. ಹೇಳಿದ್ದನ್ನು ಕೇಳಿ ತಮ್ಮ ಕೈಯಲ್ಲಿ ಬರೆದುಕೊಂಡರು. ತುಂಬಿದ ಹಾಳೆ ಹಾಕಲು ಬೀಗ ಜಡಿದ ಮೂರು ಪೆಟ್ಟಿಗೆ ಇಟ್ಟೆವು. ಒಂದು ಗ್ರಂಥಾಲಯದಲ್ಲಿ, ಒಂದು ಪರೀಕ್ಷಾ ವಿಭಾಗದ ಮೆಟ್ಟಿಲ ಕೆಳಗೆ, ಒಂದು ಕ್ಯಾಂಟೀನ್ ಪಕ್ಕ. ಸೂಪರಿಂಟೆಂಡೆಂಟ್ ಮೇಜಿನ ಮೇಲೆ ಇಟ್ಟರೆ ಸಾಕು ಎಂದಿದ್ದರು ಕೆಲವರು. ಅದಕ್ಕೆ ನಾನು ಒಪ್ಪಲಿಲ್ಲ.

ಪ್ರಶ್ನೆಗಳ ಭಾಷೆಗೆ ಬಹಳ ದಿನ ಹಿಡಿಯಿತು. ‘ಪೂರ್ತಿ ಒಪ್ಪುತ್ತೇನೆ’ ಎಂಬಲ್ಲಿಂದ ‘ಒಪ್ಪುವುದೇ ಇಲ್ಲ’ ಎಂಬಲ್ಲಿವರೆಗಿನ ಐದು ಮೆಟ್ಟಿಲಿನ ಅಳತೆ ಎಲ್ಲ ಕಡೆ ಬಳಕೆಯಲ್ಲಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರೆನ್ಸಿಸ್ ಲೈಕರ್ಟ್ 1932ರಲ್ಲಿ ಕೊಟ್ಟದ್ದು. ಓದಿ ಟಿಕ್ ಹಾಕುವವರಿಗೆ ಅದು ಸರಿ. ಓದಿ ಹೇಳಬೇಕಾದಾಗ ಕನ್ನಡದಲ್ಲಿ ಸರಾಗವಾಗಿ ನಡೆಯಲಿಲ್ಲ. ‘ನನ್ನ ಮಾತಿಗೆ ಬೆಲೆ ಇದೆ, ಒಪ್ಪುತ್ತೀರಾ?’ ಎಂದರೆ ‘ಹೂಂ ಮೇಡಂ’ ಎನ್ನುತ್ತಾರೆ. ಮರ್ಯಾದೆಗೆ ಹೇಳುವ ಹೂಂ ಅದು. ‘ಹೋದ ಆರು ತಿಂಗಳಲ್ಲಿ ಕೆಲಸದ ಬಗ್ಗೆ ಏನಾದರೂ ಹೇಳಿದ್ದಿರಾ? ಆಮೇಲೆ ಏನಾಯಿತು?’ ಎಂದು ಕೇಳಿದಾಗ ನಿಜವಾದ ಉತ್ತರ ಬಂತು. ಆಗಿದ್ದನ್ನು ಕೇಳಬೇಕು. ಅನಿಸಿಕೆಯನ್ನು ಆಮೇಲೆ ಕೇಳಬಹುದು.

‘ಮೇಲಧಿಕಾರಿ’ ಎಂಬ ಪದವೂ ತೊಂದರೆ ಕೊಟ್ಟಿತು. ಎಸ್‌ಡಿಎಗೆ (ದ್ವಿತೀಯ ದರ್ಜೆ ಸಹಾಯಕರಿಗೆ) ಮೇಲಧಿಕಾರಿ ಎಂದರೆ ಸೂಪರಿಂಟೆಂಡೆಂಟ್. ಅತಿಥಿ ಉಪನ್ಯಾಸಕರಿಗೆ ವಿಭಾಗದ ಮುಖ್ಯಸ್ಥರು. ಕಸ ಗುಡಿಸುವವರಿಗೆ ಏಜೆನ್ಸಿಯ ಸೂಪರ್‌ವೈಸರ್. ಕೊನೆಗೆ ‘ದಿನಾ ನಿಮಗೆ ಕೆಲಸ ಹೇಳುವವರು’ ಎಂದು ಬರೆದೆವು.

ಹೊರಗುತ್ತಿಗೆಯ ಹೆಣ್ಣುಮಕ್ಕಳ ಜೊತೆ ಕಳೆದ ಎರಡು ಬೆಳಗ್ಗೆಗಳನ್ನು ನಾನು ಮರೆಯುವುದಿಲ್ಲ. ಆರು ಗಂಟೆಗೆ ಬರುತ್ತಾರೆ. ನಾವು ಬರುವಷ್ಟರಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ. ಹಾಳೆ ಓದಿ ಹೇಳುತ್ತಿದ್ದ ಹುಡುಗಿಯನ್ನು ಒಬ್ಬರು ತಡೆದು ಕೇಳಿದರು: “ಎಲ್ಲಾ ಕೇಳ್ತೀಯಲ್ಲವ್ವಾ, ಸೀರೆ ಎಲ್ಲಿ ಬದಲಾಯಿಸ್ತೀರಿ ಅಂತ ಯಾಕೆ ಕೇಳಲ್ಲ?” ಇಡೀ ಕ್ಯಾಂಪಸ್ಸಿನ ಶೌಚಾಲಯ ತೊಳೆಯುವವರಿಗೆ ಬಟ್ಟೆ ಬದಲಾಯಿಸಲು, ಬುತ್ತಿ ಬಿಚ್ಚಿ ಉಣ್ಣಲು ಒಂದು ಕೋಣೆ ಇರಲಿಲ್ಲ. ಮೆಟ್ಟಿಲ ಕೆಳಗೆ ಪೊರಕೆಗಳ ಪಕ್ಕ ಕೂತು ಉಣ್ಣುತ್ತಿದ್ದರು. ಇಷ್ಟು ವರ್ಷ ಅದೇ ಮೆಟ್ಟಿಲು ಹತ್ತಿ ಇಳಿದವಳು ನಾನು. ಆ ಪ್ರಶ್ನೆಯನ್ನು ಅಲ್ಲೇ ಸೇರಿಸಿದೆವು.

ಇನ್ನೊಬ್ಬರು, “ಆ ದೂರಿನ ಕಮಿಟಿ ಮೇಡಂಗಳಿಗೆ ಮಾತ್ರಾನಾ, ನಮಗೂನಾ?” ಎಂದರು. ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನು ಗುತ್ತಿಗೆದಾರರ ಮೂಲಕ ಬಂದವರನ್ನೂ ದಿನಗೂಲಿಯವರನ್ನೂ ಉದ್ಯೋಗಿ ಎಂದೇ ಲೆಕ್ಕ ಹಿಡಿಯುತ್ತದೆ. ಅಂಥ ದೂರು ಕೇಳುವ ನಮ್ಮ ಆಂತರಿಕ ಸಮಿತಿಯ ಬೋರ್ಡ್ ಆಡಳಿತ ಭವನದ ಎರಡನೇ ಮಹಡಿಯಲ್ಲಿತ್ತು, ಇಂಗ್ಲಿಷಿನಲ್ಲಿ.

ಲೆಕ್ಕ ಹಾಕಿದಾಗ ಒಟ್ಟು ಸರಾಸರಿ ‘ಪರವಾಗಿಲ್ಲ’ ಎಂದು ಬಂತು. ಅಷ್ಟಕ್ಕೇ ನಿಲ್ಲಿಸಿದ್ದರೆ ಎಲ್ಲರೂ ಸಮಾಧಾನವಾಗಿ ಮನೆಗೆ ಹೋಗುತ್ತಿದ್ದರು. ಗುಂಪುಗಳನ್ನು ಬೇರೆ ಮಾಡಿ ನೋಡಿದಾಗ ಖಾಯಂ ಬೋಧಕರ ಉತ್ತರವೇ ಬೇರೆ, ಅತಿಥಿ ಉಪನ್ಯಾಸಕರದ್ದೇ ಬೇರೆ. ‘ಸಭೆಯಲ್ಲಿ ಬೇರೆ ಅಭಿಪ್ರಾಯ ಹೇಳಿದ್ದೀರಾ’ ಎಂಬ ಪ್ರಶ್ನೆಗೆ ಅತಿಥಿಗಳಲ್ಲಿ ಹೆಚ್ಚಿನವರು ‘ನಮ್ಮನ್ನು ಸಭೆಗೆ ಕರೆಯುವುದಿಲ್ಲ’ ಎಂಬುದಕ್ಕೆ ಟಿಕ್ ಹಾಕಿದ್ದರು. ಪ್ರತಿ ವರ್ಷ ಮತ್ತೆ ಅರ್ಜಿ ಹಾಕಿ ಕಾಯಬೇಕಾದವರು ಬಾಯಿ ಬಿಡುವುದಾದರೂ ಹೇಗೆ?

ವರದಿ ಒಪ್ಪಿಸುವ ದಿನ ಹಿರಿಯ ಅಧಿಕಾರಿಯೊಬ್ಬರು ಒಂದು ಮಾತಿನ ಮೇಲೆ ಬೆರಳಿಟ್ಟು “ಇದು ಯಾವ ವಿಭಾಗದ್ದು?” ಎಂದರು. “ಗೊತ್ತಿಲ್ಲ ಸರ್” ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ವಿಭಾಗ ಕೇಳಿರಲೇ ಇಲ್ಲ. ಹಾಳೆಗಳನ್ನು ಸಿಬ್ಬಂದಿಗೆ ಮೊದಲೇ ಹೇಳಿದ್ದಂತೆ ಕಂಪ್ಯೂಟರಿಗೆ ಏರಿಸಿದ ವಾರವೇ ಚೂರು ಮಾಡಿಸಿದ್ದೆವು. ಅವರು ಇನ್ನೆರಡು ಸಲ ಕೇಳಿದರು. ನನ್ನ ಹತ್ತಿರ ಕೊಡಲು ಏನೂ ಇರಲಿಲ್ಲ.

ಬಂದ ಉತ್ತರಗಳನ್ನು ಎರಡು ಪುಟದ ಕನ್ನಡದಲ್ಲಿ ಬರೆದು, ಪೆಟ್ಟಿಗೆ ಇಟ್ಟಿದ್ದ ಮೂರೂ ಜಾಗದಲ್ಲಿ ಅಂಟಿಸಿದೆವು. ಬೇಸರದ ಉತ್ತರಗಳನ್ನೂ ಬಿಡಲಿಲ್ಲ. ಅತಿಥಿ ಉಪನ್ಯಾಸಕರನ್ನು ವಿಭಾಗದ ಸಭೆಗೆ ಕರೆಯಬೇಕು ಎಂಬ ಸುತ್ತೋಲೆ ಇನ್ನೂ ಬಂದಿಲ್ಲ. ಸಮಿತಿಯ ಬೋರ್ಡ್ ಕನ್ನಡದಲ್ಲಿ ಕೆಳಮಹಡಿಗೆ ಬಂದಿದೆ. ಹೆಣ್ಣುಮಕ್ಕಳಿಗೆ ಹಳೆಯ ಸ್ಟೋರ್ ರೂಮ್ ಖಾಲಿ ಮಾಡಿಕೊಟ್ಟು, ಒಂದು ಬೆಂಚು, ಒಂದು ಕಪಾಟು ಹಾಕಿದ್ದಾರೆ.

ಹೋದ ತಿಂಗಳು ಆ ಕಡೆ ಹೋದಾಗ ಕೋಣೆಗೆ ಬೀಗ ಹಾಕಿತ್ತು. ಕೀ ಸೂಪರ್‌ವೈಸರ್ ಹತ್ತಿರ ಇರುತ್ತದಂತೆ. ಅವರು ಬರುವುದು ಹತ್ತಕ್ಕೆ. ಮುಂದಿನ ಸಲದ ಹಾಳೆಯಲ್ಲಿ ಹಳೆಯ ಪ್ರಶ್ನೆಗಳನ್ನು ಒಂದು ಪದವೂ ಬದಲಿಸದೆ ಇಟ್ಟಿದ್ದೇವೆ, ಹೋಲಿಸಿ ನೋಡಲು. ಹೊಸದಾಗಿ ಸೇರಿಸಿರುವುದು ಒಂದೇ: ಕೋಣೆಯ ಕೀ ಯಾರ ಹತ್ತಿರ ಇದೆ?