ಸೈಲೆನ್ಸರ್ ಬದಲಿಸಿದ ಮೇಲೆ ಶುರುವಾದ ಪಟಪಟ ಸದ್ದು ನಿಂತಿದ್ದು ಹೀಗೆ

ಬೈಕಿಗೆ ಗಂಭೀರವಾದ ದನಿ ಬೇಕೆಂದು ಸ್ಲಿಪ್-ಆನ್ ಸೈಲೆನ್ಸರ್ (ಇಡೀ ಪೈಪ್ ಬದಲಿಸದೆ ಅದರ ತುದಿಗೆ ಸಿಕ್ಕಿಸುವಂಥದ್ದು) ಹಾಕಿದೆ. ದನಿ ಬಂತು, ಜೊತೆಗೆ ಥ್ರಾಟಲ್ ಬಿಟ್ಟಾಗಲೆಲ್ಲ ಪಟಪಟ ಸಿಡಿಯುವ ಸದ್ದೂ ಬಂತು. ಕಾರ್ಬ್ಯುರೇಟರ್ ಟ್ಯೂನ್ ಮಾಡಿಸು ಎಂದವರೇ ಹೆಚ್ಚು. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಪೈಪಿನ ಜಾಯಿಂಟ್‌ಗಳನ್ನು. ಅಲ್ಲಿ ಸಣ್ಣ ಸಂದಿಯಿದ್ದರೂ ಹೊರಗಿನ ಗಾಳಿ ಒಳನುಗ್ಗುತ್ತದೆ. ಸುಡದೆ ಉಳಿದ ಪೆಟ್ರೋಲ್ ಆವಿಗೆ ಆಮ್ಲಜನಕ ಸಿಕ್ಕಿ ಬಿಸಿ ಪೈಪಿನೊಳಗೇ ಹೊತ್ತಿಕೊಳ್ಳುತ್ತದೆ.

ಎಂಜಿನ್ ಪೂರ್ತಿ ತಣ್ಣಗಿದ್ದಾಗ ಜಾಯಿಂಟ್‌ಗಳಿಗೆ ಸೋಪಿನ ನೀರು ಸವರಿ ಸ್ಟಾರ್ಟ್ ಮಾಡಿದೆ. ಎಂಜಿನ್‌ನಿಂದ ಪೈಪ್ ಹೊರಡುವ ಸಿಲಿಂಡರ್ ಹೆಡ್ ಹತ್ತಿರ ಗುಳ್ಳೆ ಎದ್ದವು, ಅಲ್ಲೇ ಮಸಿಯ ಗೆರೆಯೂ ಇತ್ತು. ಸೈಲೆನ್ಸರ್ ಕೂರಿಸುವಾಗ ಪೈಪ್ ಅಲುಗಾಡಿ, ಮೊದಲೇ ಚಪ್ಪಟೆಯಾಗಿದ್ದ ಹಳೆಯ ಗ್ಯಾಸ್ಕೆಟ್ (ಜಾಯಿಂಟ್‌ನ ಸಂದಿ ಮುಚ್ಚುವ ಬಳೆ) ಹಿಡಿತ ಬಿಟ್ಟಿತ್ತು. ಒಮ್ಮೆ ಅಮುಕಿಹೋದ ಗ್ಯಾಸ್ಕೆಟ್ ಮತ್ತೆ ಸರಿಯಾಗಿ ಕೂರುವುದಿಲ್ಲ. ಹೊಸದು ಹಾಕಿ, ಎರಡೂ ನಟ್‌ಗಳನ್ನು ಸರದಿಯ ಮೇಲೆ ಸ್ವಲ್ಪ ಸ್ವಲ್ಪವೇ ಬಿಗಿದೆ. ಒಂದನ್ನೇ ಪೂರ್ತಿ ಬಿಗಿದರೆ ಪೈಪನ್ನು ಎಂಜಿನ್‌ಗೆ ಒತ್ತಿ ಹಿಡಿಯುವ ಫ್ಲೇಂಜ್ ಓರೆಯಾಗುತ್ತದೆ. ಹಿಂಬದಿಯಲ್ಲಿ ಸೈಲೆನ್ಸರ್ ಹಿಡಿದಿಡುವ ಕ್ಲ್ಯಾಂಪ್ ಕೂಡ ಬಿಗಿ ಮಾಡಿದೆ.

ಸಿಡಿತ ನಿಂತಿತು. ಸದ್ದು ತಗ್ಗಿಸಲು ಸೈಲೆನ್ಸರ್ ಬಾಯಲ್ಲಿ ಕೂರಿಸಿರುವ ಡಿಬಿ ಕಿಲ್ಲರ್ ಮಾತ್ರ ತೆಗೆಯಲಿಲ್ಲ, ನೀವೂ ತೆಗೆಯಬೇಡಿ. ತೆಗೆದರೆ ಅಬ್ಬರ ಹೆಚ್ಚುತ್ತದೆಯೇ ಹೊರತು ದನಿ ಚೆನ್ನಾಗುವುದಿಲ್ಲ. ದನಿ ತೆಳುವಾಗಿ ಕರ್ಕಶವಾದರೆ ಒಳಗೆ ಸದ್ದು ಹೀರುವ ಗ್ಲಾಸ್ ವೂಲ್ (ಗಾಜಿನ ನಾರು) ಸುಟ್ಟಿದೆಯೇ ಎಂದು ಬಿಚ್ಚಿ ನೋಡಿ.