ಕೊನೆಯ ಬಸ್ಸಿನವರಿಗೆ ಕಾದು ಉಣ್ಣುವ ಸಭೆ

ನಾನು ಸಭಾಪಾಲನೆ ಮಾಡುವ ತೀರ್ಥಹಳ್ಳಿ ಕಡೆಯ ಸಣ್ಣ ಕ್ರೈಸ್ತ ಸಭೆಯಲ್ಲಿ ತೋಟ ಇರುವವರೂ ಇದ್ದಾರೆ, ಅದೇ ತೋಟಗಳಿಗೆ ಕೂಲಿಗೆ ಹೋಗುವವರೂ ಇದ್ದಾರೆ. ತಿಂಗಳಿಗೊಮ್ಮೆ ಆರಾಧನೆಯ ನಂತರ ಪ್ರೀತಿ ಭೋಜನ, ಅಂದರೆ ಸಭೆಯವರೆಲ್ಲ ಕೂಡಿ ಉಣ್ಣುವ ಊಟ. ಅಡಿಕೆ ಕೊಯ್ಲಿನ ಕಾಲದಲ್ಲಿ ಹೆಂಗಸರು ರಾತ್ರಿ ಬಹಳ ಹೊತ್ತು ಅಡಿಕೆ ಸುಲಿದು, ಬೆಳಿಗ್ಗೆ ಮನೆಗೆಲಸ ಮುಗಿಸಿ, ಸಿಕ್ಕ ಬಸ್ಸು ಹತ್ತಿ ಬರುವಷ್ಟರಲ್ಲಿ ಅವರ ಪಾಲಿಗೆ ಉಳಿಯುತ್ತಿದ್ದದ್ದು ತಳದ ಸಾರು. ಯಾರೂ ಬೇಕೆಂದು ಮಾಡಿದ್ದಲ್ಲ. ಮೊದಲು ಬಂದವರು ಮೊದಲು ಉಂಡರು, ಅಷ್ಟೆ.

ವಾರದ ಬೈಬಲ್ ಅಧ್ಯಯನಕ್ಕೆ ಒಂದನೆಯ ಕೊರಿಂಥ, ಅಂದರೆ ಕೊರಿಂಥ ಪಟ್ಟಣದ ಸಭೆಗೆ ಅಪೊಸ್ತಲ ಪೌಲ ಬರೆದ ಪತ್ರ, ಅದರ 11ನೇ ಅಧ್ಯಾಯ ತೆಗೆದುಕೊಂಡೆ. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಹೊತ್ತಿಗೆ ನಾವು ಓದುವ ವಚನಗಳು ಅಲ್ಲೇ ಇವೆ. ಅವುಗಳ ಹಿಂದೆ ಮುಂದೆ ಇರುವುದು ಮಾತ್ರ ಊಟದ ರಗಳೆ. ಒಬ್ಬ ಹಸಿದಿದ್ದಾನೆ, ಇನ್ನೊಬ್ಬನಿಗೆ ಅಮಲೇರಿದೆ. ಕೊರಿಂಥದ ಸಭೆಗೆ ಗಾಯ ಎಂಬವನಂಥ ಉಳ್ಳವರು ಮನೆ ಬಿಟ್ಟುಕೊಡುತ್ತಿದ್ದರು. ಪಟ್ಟಣದ ಖಜಾನೆ ನೋಡಿಕೊಳ್ಳುವ ಎರಸ್ತನೂ ಆ ಊರಿನವನೇ. ದಾಸರೂ ಸಭೆಯಲ್ಲಿದ್ದರು. ರೋಮನ್ನರ ಊಟದ ಕೋಣೆಯಲ್ಲಿ ಒರಗಿ ಉಣ್ಣಲು ಸಾಮಾನ್ಯವಾಗಿ ಒಂಬತ್ತು ಜನಕ್ಕೆ ಜಾಗ. ಯಜಮಾನನ ಕೆಲಸ ಮುಗಿಸದೆ ದಾಸ ಬರುವಂತಿಲ್ಲ. ಇದಕ್ಕೆ ಪೌಲ 33ನೇ ವಚನದಲ್ಲಿ ಹೇಳುವ ಮದ್ದು ಬಹಳ ಸಾದಾ: ಊಟಕ್ಕೆ ಸೇರಿದಾಗ ಒಬ್ಬರಿಗೋಸ್ಕರ ಒಬ್ಬರು ಕಾಯಿರಿ.

ಹಿರಿಯರೊಬ್ಬರು ತಕ್ಷಣ ಮುಂದಿನ ವಚನ ಹಿಡಿದರು. "ಹಸಿದವನು ಮನೇಲಿ ಉಣ್ಣಲಿ ಅಂತಾನೂ ಇದೆಯಲ್ಲ ಅಯ್ಯನವರೇ? ಹೊತ್ತಿಗೆ ಸರಿಯಾಗಿ ಬರೋದನ್ನ ಅವರಿಗೆ ಕಲಿಸಿ." ತಳ್ಳಿಹಾಕುವ ಮಾತಲ್ಲ. ಆದರೆ ಆ ವಚನ ಕಾಯಲಾರದವನಿಗೆ ಹೇಳಿದ್ದು, ತಡವಾದವನಿಗಲ್ಲ. "ಆ ಹೆಂಗಸರು ನಿನ್ನೆ ರಾತ್ರಿ ಸುಲಿದದ್ದು ಯಾರ ಅಡಿಕೆ?" ಅಂತ ಕೇಳಿದೆ. ಹಿರಿಯರು ನಕ್ಕುಬಿಟ್ಟರು. ಅಡಿಕೆ ಅವರದ್ದೇ.

ಈಗ ಕೊನೆಯ ಬಸ್ಸಿನವರು ಬಂದು ಕೂತ ಮೇಲೆಯೇ ಕರ್ತನ ಭೋಜನ, ಅದರ ಬೆನ್ನಿಗೇ ಊಟ. ಕಾಯುವಷ್ಟು ಹೊತ್ತು ಹಾಡು, ದೇವರು ತಮಗೆ ಮಾಡಿದ್ದನ್ನು ಹೇಳಿಕೊಳ್ಳುವ ಸಾಕ್ಷಿ. ಬಫೆ ಬಿಟ್ಟು ಚಾಪೆ ಹಾಸಿ ಪಂಕ್ತಿ ಹಾಕುತ್ತೇವೆ. ಕ್ರೈಸ್ತರಾದ ಮೇಲೂ ಯಾರ ಪಕ್ಕ ಯಾರು ಕೂರುತ್ತಾರೆ ಅನ್ನುವುದು ನಮ್ಮಲ್ಲಿ ಅಳಿದಿಲ್ಲ. ಬಫೆಯಲ್ಲಿ ಅದು ಮುಚ್ಚಿಹೋಗುತ್ತದೆ, ಪಂಕ್ತಿಯಲ್ಲಿ ಎದ್ದು ಕಾಣುತ್ತದೆ. ಕಾಣಲಿ ಅಂತಲೇ ಪಂಕ್ತಿ.

ಬಡಿಸುವವರು ಯಾರು ಅನ್ನುವುದಕ್ಕೆ ಮೊದಲ ಸಭೆಗಳ ಕಥೆ ಹೇಳುವ ಬೈಬಲಿನ ಪುಸ್ತಕ ಅಪೊಸ್ತಲರ ಕೃತ್ಯಗಳು, ಅದರ 6ನೇ ಅಧ್ಯಾಯ ನೆರವಿಗೆ ಬಂತು. ಸಭೆಯಲ್ಲಿದ್ದ ಗ್ರೀಕ್ ಮಾತಾಡುವ ಯೆಹೂದ್ಯರು, ತಮ್ಮ ವಿಧವೆಯರಿಗೆ ದಿನದ ಪಾಲು ಸಿಗುತ್ತಿಲ್ಲ ಎಂದು ಗೊಣಗಿದರು. ಆಮೇಲೆ ಆ ಹಂಚಿಕೆ ನೋಡಿಕೊಳ್ಳಲು ಆರಿಸಿದ ಏಳು ಜನರ ಹೆಸರು ನೋಡಿ: ಸ್ತೆಫನ, ಫಿಲಿಪ್ಪ, ತಿಮೋನ... ಎಲ್ಲವೂ ಗ್ರೀಕ್ ಹೆಸರುಗಳೇ. ಗೊಣಗಿದವರ ಕೈಗೇ ಸೌಟು ಹೋಯಿತು. ನಾವೂ ಅಡುಗೆಯನ್ನು ತೋಟದ ಮನೆಯವರಿಗೆ ಬಿಟ್ಟು, ಬಡಿಸುವುದನ್ನೂ ದಿನಸಿ ದುಡ್ಡಿನ ಲೆಕ್ಕವನ್ನೂ ಸುಲಿಯಲು ಹೋಗುವ ಹೆಂಗಸರಿಗೆ ಒಪ್ಪಿಸಿದೆವು. ಮೊದಮೊದಲು ಅವರೇ ಹಿಂಜರಿದರು. ಈಗ ಎಣ್ಣೆ ಜಾಸ್ತಿಯಾಯಿತು ಅಂತ ತೋಟದಮ್ಮಂದಿರಿಗೇ ಹೇಳುತ್ತಾರೆ.

ಒಂದೆರಡು ಮನೆಯವರು ಇನ್ನೂ ಊಟಕ್ಕೆ ನಿಲ್ಲುವುದಿಲ್ಲ, ನಾನು ಒತ್ತಾಯಿಸುವುದಿಲ್ಲ. ಜೂನ್ ಬಂತೆಂದರೆ ಬಸ್ಸನ್ನು ನಂಬುವಂತಿಲ್ಲ. ಆಗ ಅಡುಗೆಯನ್ನು ಕೂಲಿಯವರ ಮನೆಗಳ ಕಡೆಗೇ ಒಯ್ಯೋಣ ಎಂದಿದ್ದೇನೆ. ಅದಕ್ಕೆ ತೋಟದವರ ಜೀಪು ಬೇಕು, ಕೊಡಲು ಎಲ್ಲರೂ ಇನ್ನೂ ಒಪ್ಪಿಲ್ಲ.