ಲಿನಕ್ಸ್ ಹಾಕುವ ಮುನ್ನ ಡಿ ಡ್ರೈವ್ ಕಾಪಾಡಿಕೊಳ್ಳಿ

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಬಹುತೇಕ ಪ್ರೊಸೆಸರ್‌ಗಳು ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಹಾಗಾಗಿ ಹಳೇ ಯಂತ್ರದವರು ವಿಂಡೋಸ್ ಬದಲು ಓಡುವ ಉಚಿತ ಲಿನಕ್ಸ್‌ನತ್ತ ಹೊರಳುತ್ತಿದ್ದಾರೆ; ಕಲಬುರಗಿ, ಬೀದರ್, ಯಾದಗಿರಿ ಕಡೆ ಲಿನಕ್ಸ್ ಬಲ್ಲವರ ಫೋನಿಗೆ ಈಗ ಬಿಡುವಿಲ್ಲ. ಬರುವ ಕರೆ ಹೆಚ್ಚಾಗಿ ಒಂದೇ ಬಗೆಯದು: ‘ಅಣ್ಣಾ, ಲಿನಕ್ಸ್ ಹಾಕೀನಿ, ಡಿ ಡ್ರೈವ್ ಕಾಣವಲ್ದು.’ ಅಷ್ಟೊತ್ತಿಗೆ ಮದುವೆ ಫೋಟೊ, ಜಮೀನಿನ ಕಾಗದದ ಸ್ಕ್ಯಾನ್ ಎಲ್ಲ ಹೋಗಿರುತ್ತವೆ. ಲಿನಕ್ಸ್ ಹಾಕುವ ಮುಂಚೆಯೇ ಆ ಕರೆ ಬಂದಿದ್ದರೆ ಹತ್ತು ನಿಮಿಷದ ಮಾತು.

ಮೊದಲು, ಯಾವ ಲಿನಕ್ಸ್? ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ. ಇದರ ಮೇಲೆ ಚರ್ಚೆ ಬೇಡ. 2 ಜಿಬಿ ರ್‍ಯಾಮ್‌ನಲ್ಲಿ ತೆವಳುತ್ತದೆ, 4 ಜಿಬಿಯಲ್ಲಿ ಆರಾಮಾಗಿ ಓಡುತ್ತದೆ. ಯಂತ್ರದಲ್ಲಿ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ 256 ಜಿಬಿಯ ಎಸ್‌ಎಸ್‌ಡಿ ಹಾಕಿಸುವುದೇ ಜಾಣತನ. ಹಳೇ ಡಿಸ್ಕ್ ಬಿಚ್ಚಿ ಪಕ್ಕಕ್ಕಿಟ್ಟು ಹೊಸದರ ಮೇಲೆ ಲಿನಕ್ಸ್ ಹಾಕಿದರೆ ಡೇಟಾ ಅಳಿಯುವ ಭಯವೇ ಇಲ್ಲ. ಕೆಳಗಿನ ಪಾರ್ಟಿಶನ್ (ಡಿಸ್ಕ್ ಭಾಗ ಮಾಡುವ) ಪುರಾಣವನ್ನೆಲ್ಲ ಬಿಟ್ಟು ಮುಂದಕ್ಕೆ ಹೋಗಬಹುದು. ಆದರೆ ಬೇಳೆ ಮಿಲ್ಲಿನ ಲೆಕ್ಕ ಟ್ಯಾಲಿಯಲ್ಲಿದ್ದರೆ, ಡಿಜಿಟಲ್ ಸಹಿಯ ಟೋಕನ್ ದಿನಾ ಬೇಕಾಗಿದ್ದರೆ, ವಿಂಡೋಸ್ ತೆಗೆಯಬೇಡಿ. ಎರಡನ್ನೂ ಇಟ್ಟುಕೊಳ್ಳಿ.

ಲಿನಕ್ಸ್ ಹಾಕಲು ಪೆನ್‌ಡ್ರೈವ್ 8 ಜಿಬಿಯದು ಸಾಕು. ಮಿಂಟ್‌ನ ಐಎಸ್‌ಒ ಕಡತವನ್ನು (ಇನ್‌ಸ್ಟಾಲ್ ಮಾಡಲು ಬೇಕಾದ ಪೂರ್ತಿ ಕಡತ) ರೂಫಸ್ ಎಂಬ ತಂತ್ರಾಂಶದಿಂದ ಅದಕ್ಕೆ ಬರೆಯಿರಿ. ಮುನ್ನೂರು ರೂಪಾಯಿಗೆ ‘1 ಟಿಬಿ’ ಎಂದು ಮಾರುವ ಹೆಸರಿಲ್ಲದ ಪೆನ್‌ಡ್ರೈವ್‌ಗಳಿಂದ ದೂರ ಇರಿ. ಒಳಗೆ ಇರುವುದು ಚಿಲ್ಲರೆ ಜಾಗ, ತುಂಬಿದ ಮೇಲೆ ಹೊಸ ಡೇಟಾ ಕಾಣೆಯಾಗುತ್ತದೆ. ಬ್ಯಾಕಪ್‌ಗಂತೂ ಅವನ್ನು ಮುಟ್ಟಲೇಬೇಡಿ.

ಈಗ ಅಸಲಿ ಕೆಲಸ. ಸಿ ಮತ್ತು ಡಿ ಸಾಮಾನ್ಯವಾಗಿ ಎರಡು ಡಿಸ್ಕ್ ಅಲ್ಲ. ಒಂದೇ ಹೊಲಕ್ಕೆ ನಡುವೆ ಬದು ಹಾಕಿದಂತೆ. ‘ಡೇಟಾ ಡಿಯಲ್ಲಿದೆ, ಸಿ ಅಷ್ಟೇ ಅಳಿಸ್ತೀನಿ’ ಎಂದುಕೊಂಡು ಇನ್‌ಸ್ಟಾಲರ್‌ನಲ್ಲಿ ‘ಇರೇಸ್ ಡಿಸ್ಕ್’ ಒತ್ತಿದರೆ ಬದು ಸಮೇತ ಎಲ್ಲ ಹೋಗುತ್ತದೆ. ಹಾಗಾಗಿ ಬೇಕಾದದ್ದನ್ನು ಮೊದಲು ಹೊರಗಿನ ಡಿಸ್ಕ್‌ಗೆ ನಕಲು ಮಾಡಿ, ಇನ್ನೊಂದು ಕಂಪ್ಯೂಟರ್‌ಗೆ ಹಚ್ಚಿ ನಾಲ್ಕಾರು ಕಡತ ತೆರೆದು ನೋಡಿ. ನಕಲು ಆಯ್ತು ಅನ್ನುವುದು ಬೇರೆ, ತೆರೆಯುತ್ತದೆ ಅನ್ನುವುದು ಬೇರೆ.

ವಿಂಡೋಸ್‌ನಲ್ಲೇ ಮೂರು ಕೆಲಸ ಮುಗಿಸಬೇಕು. ಮೊದಲು ಪವರ್ ಆಪ್ಶನ್ಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ತೆಗೆಯಿರಿ. ಅದು ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಆಮೇಲೆ ಆ ಡ್ರೈವ್‌ಗಳು ಲಿನಕ್ಸ್‌ನಲ್ಲಿ ಓದಲಷ್ಟೇ ಸಿಗುತ್ತವೆ, ಬರೆಯಲು ಬಿಡುವುದಿಲ್ಲ. ಆಮೇಲೆ ಡ್ರೈವ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ‘ಡಿವೈಸ್ ಎನ್‌ಕ್ರಿಪ್ಶನ್’ ಇದೆಯೇ ನೋಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದು ತಾನಾಗಿಯೇ ಚಾಲೂ ಆಗಿರುತ್ತದೆ. 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಳ್ಳದೆ ಮುಂದೆ ಹೋಗಬೇಡಿ.

ಕೊನೆಗೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಒಂದು ಡ್ರೈವ್ ಮೇಲೆ ಬಲಗುಂಡಿ ಒತ್ತಿ ‘ಶ್ರಿಂಕ್ ವಾಲ್ಯೂಮ್’. ಅಲ್ಲಿ ಲೆಕ್ಕ ಎಂಬಿಯಲ್ಲಿದೆ: 40 ಜಿಬಿ ಬೇಕಿದ್ದರೆ 40960. ಜಾಗ ಕಡಿಮೆ ಸಿಗುತ್ತಿದ್ದರೆ ಹೈಬರ್ನೇಶನ್ ಮತ್ತು ಪೇಜ್ ಫೈಲ್ ಎರಡನ್ನೂ ತೆಗೆದು, ಕಂಪ್ಯೂಟರ್ ಮರಳಿ ಚಾಲೂ ಮಾಡಿ ನೋಡಿ. ಖಾಲಿಯಾದ ಜಾಗ ‘ಅನ್‌ಅಲೊಕೇಟೆಡ್’ ಎಂದು ಕಪ್ಪು ಪಟ್ಟಿಯಲ್ಲಿ ಕಾಣುತ್ತದೆ. ಅದನ್ನು ಹಾಗೇ ಬಿಡಿ. ‘ನ್ಯೂ ಸಿಂಪಲ್ ವಾಲ್ಯೂಮ್’ ಮಾಡಿ ಇ ಡ್ರೈವ್ ಹೆಸರಿಡುವವರು ಬಹಳ. ಆಮೇಲೆ ಇನ್‌ಸ್ಟಾಲರ್‌ಗೆ ಖಾಲಿ ಜಾಗವೇ ಸಿಗುವುದಿಲ್ಲ.

ಎಂಬಿಆರ್ ಎಂಬ ಹಳೇ ಪಾರ್ಟಿಶನ್ ಪದ್ಧತಿಯ ಡಿಸ್ಕ್‌ಗಳ ಗೊಂದಲವೇ ಬೇರೆ. ಅವುಗಳಲ್ಲಿ ನಾಲ್ಕೇ ಪ್ರೈಮರಿ ಪಾರ್ಟಿಶನ್. ಸಿಸ್ಟಮ್ ರಿಸರ್ವ್ಡ್, ಸಿ, ರಿಕವರಿ, ಡಿ ಎಂದು ನಾಲ್ಕೂ ಭರ್ತಿಯಾಗಿದ್ದರೆ ಇನ್‌ಸ್ಟಾಲರ್‌ನಲ್ಲಿ ಖಾಲಿ ಜಾಗ ‘ಅನ್‌ಯೂಸೆಬಲ್’ ಎಂದು ಬರುತ್ತದೆ. ಆ ಹೊತ್ತಿಗೆ ವಿಂಡೋಸ್‌ನಲ್ಲಿ ಐದನೆಯದು ಮಾಡಲು ಹೋದರೆ ‘ಡೈನಾಮಿಕ್ ಡಿಸ್ಕ್ ಆಗಿ ಬದಲಿಸಲೇ’ ಎಂದು ಕೇಳುತ್ತದೆ. ಎಸ್ ಅನ್ನಬೇಡಿ, ಲಿನಕ್ಸ್ ಹಾಕಲು ಮತ್ತಷ್ಟು ತೊಡಕು. ಡಿಯ ಡೇಟಾ ಹೊರಗಿದೆ ಎಂದು ಖಾತ್ರಿಯಾದ ಮೇಲೆ ಡಿ ಅಳಿಸಿ, ಆ ಜಾಗವನ್ನು ಲಿನಕ್ಸ್‌ಗೆ ಬಿಡುವುದೇ ದಾರಿ.

ಪೆನ್‌ಡ್ರೈವ್‌ನಿಂದ ಚಾಲೂ ಮಾಡುವ ಕೀ: ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ವಿಂಡೋಸ್ ಯುಇಎಫ್‌ಐ (ಚಾಲೂ ಆಗುವ ಹೊಸ ಬಗೆ) ಮೋಡ್‌ನಲ್ಲಿದ್ದರೆ ಪೆನ್‌ಡ್ರೈವ್ ಅನ್ನೂ ಅದೇ ಮೋಡ್‌ನಲ್ಲಿ ಚಾಲೂ ಮಾಡಿ. ವಿಂಡೋಸ್‌ನ ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ ‘ಬಯಾಸ್ ಮೋಡ್’ ಎಂಬ ಸಾಲು ನೋಡಿದರೆ ತಿಳಿಯುತ್ತದೆ.

ಇನ್‌ಸ್ಟಾಲರ್‌ನಲ್ಲಿ ‘ಸಮ್‌ಥಿಂಗ್ ಎಲ್ಸ್’ ಆರಿಸಿ. ಅಲ್ಲಿ ಸಿ, ಡಿ ಎಂಬ ಹೆಸರುಗಳಿರುವುದಿಲ್ಲ. ಗಾತ್ರ ನೋಡಿ ಗುರುತಿಸಬೇಕು, ಆದರೆ ಲೆಕ್ಕವೂ ಬೇರೆ: ವಿಂಡೋಸ್‌ನಲ್ಲಿ 100 ಜಿಬಿ ಅಂದದ್ದು ಇಲ್ಲಿ ಸುಮಾರು 107 ಆಗುತ್ತದೆ. ಗಾಬರಿ ಬೇಡ. ‘ಫ್ರೀ ಸ್ಪೇಸ್’ ಎಂಬ ಸಾಲಿನ ಮೇಲೆ ಪ್ಲಸ್ ಒತ್ತಿ, ಫೈಲ್ ಸಿಸ್ಟಮ್ ಬಗೆ ಎಕ್ಸ್‌ಟ್4, ಮೌಂಟ್ ಪಾಯಿಂಟ್‌ಗೆ ಓರೆಗೆರೆ (/). ಸ್ವಾಪ್ (ರ್‍ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಪಾರ್ಟಿಶನ್ ಬೇಡ, ಮಿಂಟ್ ತಾನೇ ಸ್ವಾಪ್ ಫೈಲ್ ಮಾಡಿಕೊಳ್ಳುತ್ತದೆ. ಇಎಫ್‌ಐ ಪಾರ್ಟಿಶನ್ ಇದ್ದರೆ ಅದರ ಫಾರ್ಮ್ಯಾಟ್ ಚೌಕದಲ್ಲಿ ಟಿಕ್ ಬೀಳದಿರಲಿ, ವಿಂಡೋಸ್ ಏಳುವುದೇ ಅದರಿಂದ. ‘ಇನ್‌ಸ್ಟಾಲ್ ನೌ’ ಒತ್ತುವ ಮುನ್ನ ಪರದೆಯ ಫೋಟೊ ತೆಗೆದು ಬಲ್ಲವರಿಗೆ ಕಳಿಸಿ. ‘ಬರವಲ್ದು’ ಅನ್ನುವ ಒಂದು ಮಾತಿನಿಂದ ಯಾರೂ ಏನೂ ಹೇಳಲಾರರು, ಫೋಟೊ ಇದ್ದರೆ ತಕ್ಷಣ ಹೇಳುತ್ತಾರೆ.

ಈ ಹಂತದಲ್ಲಿ ಕರೆಂಟ್ ಹೋದರೆ ಪಾರ್ಟಿಶನ್ ಟೇಬಲ್ ಕೆಡಬಹುದು. ಬೇಸಿಗೆಯಲ್ಲಿ ಮಧ್ಯಾಹ್ನ ಈ ಕೆಲಸಕ್ಕೆ ಕೂಡಬೇಡಿ. ಡೆಸ್ಕ್‌ಟಾಪ್‌ಗೆ ಯುಪಿಎಸ್ ಇರಲಿ, ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆದರೆ ಇನ್ವರ್ಟರ್ ಇರುವ ಪ್ಲಗ್‌ಗೆ ಹಚ್ಚಿ. ಉಳಿದದ್ದು ಊರು, ಹೆಸರು, ಪಾಸ್‌ವರ್ಡ್, ಅಷ್ಟೇ.

ಕನ್ನಡ ಟೈಪಿಂಗ್‌ಗೆ ಐಬಸ್ ಎಂಬ ತಂತ್ರಾಂಶದ ಜತೆ ‘ಐಬಸ್ ಎಂ17ಎನ್’ ಹಾಕಿ, ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗ್ ಔಟ್ ಆಗಿ ಬನ್ನಿ. ಇದನ್ನು ಮರೆತು ‘ಕನ್ನಡ ಬರಲ್ಲ’ ಅನ್ನುವವರೇ ಜಾಸ್ತಿ. ನಂತರ ಪಟ್ಟಿಯಿಂದ ಕನ್ನಡ ಕೆಜಿಪಿ ಕೀಲಿ ವಿನ್ಯಾಸ ಸೇರಿಸಿದರೆ ನುಡಿಯಲ್ಲಿ ರೂಢಿಯಾದ ಬೆರಳು ಹಾಗೇ ನಡೆಯುತ್ತವೆ. ನುಡಿಯ ಹಳೇ ಆಸ್ಕಿ ಕಡತಗಳು ನುಡಿ ಫಾಂಟ್ ಇಲ್ಲದ ಲಿಬ್ರೆ ಆಫೀಸ್‌ನಲ್ಲಿ ಇಂಗ್ಲಿಷ್ ಅಕ್ಷರದ ರಾಶಿಯಾಗಿ ಕಾಣುತ್ತವೆ. ಅವನ್ನು ವಿಂಡೋಸ್ ಇರುವಾಗಲೇ ನುಡಿಯ ಪರಿವರ್ತಕದಿಂದ ಯುನಿಕೋಡ್ ಮಾಡಿಟ್ಟುಕೊಳ್ಳಿ.

ಪ್ರಿಂಟರ್ ಎಚ್‌ಪಿ ಲೇಸರ್‌ಜೆಟ್ 1020 ಆಗಿದ್ದರೆ ಒಂದು ಮಾತು. ಅದಕ್ಕೆ ಪ್ರತಿ ಸಲ ಚಾಲೂ ಮಾಡಿದಾಗಲೂ ಕಂಪ್ಯೂಟರ್‌ನಿಂದ ಫರ್ಮ್‌ವೇರ್ ಹೋಗಬೇಕು. ಎಚ್‌ಪಿಲಿಪ್ (ಲಿನಕ್ಸ್‌ನಲ್ಲಿ ಎಚ್‌ಪಿ ಪ್ರಿಂಟರ್ ನಡೆಸುವ ತಂತ್ರಾಂಶ) ಟೂಲ್‌ಬಾಕ್ಸ್‌ನಿಂದ ಪ್ಲಗ್‌ಇನ್ ಇಳಿಸಿಕೊಳ್ಳದಿದ್ದರೆ ಪ್ರಿಂಟ್ ಕೊಟ್ಟದ್ದು ಹೋದಂತೆ ಕಾಣುತ್ತದೆ, ಹಾಳೆ ಬರುವುದಿಲ್ಲ. ಎಚ್‌ಪಿಲಿಪ್‌ನ ಆವೃತ್ತಿ ಬದಲಾದಾಗ ಪ್ಲಗ್‌ಇನ್ ಅನ್ನೂ ಅದೇ ಆವೃತ್ತಿಗೆ ಮತ್ತೆ ಇಳಿಸಬೇಕು. ಅಪ್‌ಡೇಟ್ ಆದ ಮರುದಿನ ಪ್ರಿಂಟರ್ ಸುಮ್ಮನಾದರೆ ಕೇಬಲ್ ಬದಲಿಸುವ ಮೊದಲು ಇದನ್ನು ನೋಡಿ.